ಬಲಭುಜದ ಬಾಸುಂಡೆ

ಗುರುಸಿದ್ದಪ್ಪನವರಿಗೆ ಎಡಗಿವಿ ಕೇಳಿಸುವುದಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಜೀವಮಾನಪೂರ್ತಿ ಬಸ್ಸಿನ ಎಂಜಿನ್ ಬಾಜೂಕ ಕುಂತೇನ್ರೀ, ಒಂದು ಕಿವಿ ಅದಕ್ಕ ಕೊಟ್ಟಬಿಟ್ಟೆ" ಎಂದು ನಗುತ್ತಾರೆ. ಗೋಕಾಕದ ಕಡೆಯವರು. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಮಗಳು ಸಿದ್ದೇಶ್ವರಿ, ಅಳಿಯ ಕಲ್ಮೇಶ್ ಅಮೆರಿಕದ ಸುವಾನಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ಅವರ ಜೊತೆ ಆರು ತಿಂಗಳಿರಲು ಬಂದವರು, ಬಂದ ವಾರದಲ್ಲೇ ನಮ್ಮ ಬೀದಿಯ ಎಲ್ಲರ ಡ್ರೈವಿಂಗಿಗೂ ಮಾರ್ಕ್ಸ್ ಹಾಕಿ ಮುಗಿಸಿದ್ದರು. ಎಲ್ಲರಿಗಿಂತ ಕಡಿಮೆ ನನಗೆ. "ಶೈಲಜಾ, ನೀ ಬ್ರೇಕ್ ಒತ್ತೂದಿಲ್ಲವಾ, ಬ್ರೇಕಿಗೆ ಒದೀತಿ" ಎಂದು ನನ್ನ ಡ್ರೈವ್‌ವೇಯಲ್ಲೇ ನಿಂತು ಹೇಳಿದ್ದರು. ನಾನು ಮೈಸೂರಿನವಳು, ಆದರೂ ಬಾಯಿ ಸುಮ್ಮನಿರುವುದಿಲ್ಲ. "ಅಂಕಲ್, ಈ ದೇಶದಲ್ಲಿ ನೀವು ಪ್ಯಾಸೆಂಜರ್. ಟಿಕೆಟ್ ತಗೊಂಡು ಸುಮ್ನೆ ಕೂತ್ಕೊಳ್ಳಿ" ಎಂದೆ. ಅವತ್ತಿನಿಂದ ನಮ್ಮಿಬ್ಬರಿಗೆ ಸ್ನೇಹ.

ಅವರ ಪ್ರಾಣವೆಲ್ಲ ಇದ್ದದ್ದು ಕಲ್ಮೇಶನ ಹಳೆಯ ಪಿಕಪ್ ಟ್ರಕ್ಕಿನಲ್ಲಿ. ಕಲ್ಮೇಶ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ತೋಟಕ್ಕೆ ಮಣ್ಣು, ಮನೆಗೆ ಹಲಗೆ ತರಲೆಂದು ಯಾರೋ ಮುದುಕರಿಂದ ಕೊಂಡಿದ್ದ ಗಾಡಿ. ಬಾಗಿಲನ್ನು ಎರಡು ಸಲ ಬಡಿದರೇ ಮುಚ್ಚುವುದು. ಏರ್‌ಬ್ಯಾಗಿನ ಸುಳಿವಿಲ್ಲ. ಸ್ಟಾರ್ಟ್ ಮಾಡಿದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಉಳಿದವರ ಕಾರುಗಳನ್ನು "ಇವು ಬದುಕ್ಯಾವೋ ಸತ್ತಾವೋ ತಿಳಿಯಂಗಿಲ್ಲ" ಎಂದು ಬೈಯುವ ಗುರುಸಿದ್ದಪ್ಪನವರು ಇದನ್ನು ಮಾತ್ರ ದಿನಾ ಒರೆಸುತ್ತಿದ್ದರು. ಆಯುಧಪೂಜೆಗೆ ಮಗಳ ಕೈಯಲ್ಲಿ ಬಾನೆಟ್ಟಿನ ತುಂಬ ಕುಂಕುಮ ಹಚ್ಚಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿದ್ದರು. ಆ ಕುಂಕುಮವನ್ನು ಮಾತ್ರ ಒರೆಸದೆ ಹಾಗೇ ಬಿಟ್ಟಿದ್ದರು. ಇಲ್ಲಿನ ಲೈಸೆನ್ಸ್ ಇಲ್ಲದ್ದರಿಂದ ಓಡಿಸಲು ಬಿಡುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಅಳಿಯನಿಗೆ ದಾರಿಯುದ್ದಕ್ಕೂ ಪಾಠ ಹೇಳುತ್ತಿದ್ದರು. ಪಾಪ, ಆ ಹುಡುಗ ಒಂದು ದಿನವೂ ಎದುರಾಡಿದ್ದನ್ನು ನಾನು ಕಾಣೆ.

ದಸರಾ ಕಳೆದ ಮೊದಲ ಶನಿವಾರ ಮಾವ ಅಳಿಯ ಇಬ್ಬರೂ ಬೆಳಿಗ್ಗೆಯೇ ಶಾರ್ಲಟ್‌ಗೆ ಹೊರಟರು. ಅಲ್ಲಿ ಊರು ಬಿಡುತ್ತಿದ್ದ ನಮ್ಮವರೊಬ್ಬರು ತೇಗದ ತೂಗುಮಣೆಯೊಂದನ್ನು ಕೊಡುತ್ತೇನೆಂದಿದ್ದರು. ತೂಗುಮಣೆ ಇಲ್ಲದ ಮನೆ ಮನೆಯೇ ಅಲ್ಲವೆಂದು ಗುರುಸಿದ್ದಪ್ಪನವರ ತಕರಾರು ಮೊದಲಿನಿಂದಲೂ ಇತ್ತು.

ಮಧ್ಯಾಹ್ನ ಸಿದ್ದೇಶ್ವರಿ ಬರಿಗಾಲಲ್ಲಿ ನಮ್ಮ ಬಾಗಿಲಿಗೆ ಓಡಿಬಂದಳು. ಕೈಯಲ್ಲಿ ಫೋನ್. ಫೋನ್ ಕಿತ್ತುಕೊಂಡು ನಾನೇ ಕಿವಿಗಿಟ್ಟೆ. ಸ್ಪಾರ್ಟನ್‌ಬರ್ಗಿನ ಆಸ್ಪತ್ರೆಯಿಂದ ಒಬ್ಬ ನರ್ಸ್ ಮಾತಾಡುತ್ತಿದ್ದಳು. ಮಳೆಯಲ್ಲಿ ಟ್ರಕ್ ಜಾರಿ ಮುಂದಿನ ಕಾರಿಗೆ ಗುದ್ದಿ ಹೆದ್ದಾರಿಯ ಪಕ್ಕದ ಹಳ್ಳಕ್ಕೆ ಬಿದ್ದಿದೆ. ಕಲ್ಮೇಶನಿಗೆ ತಲೆಗೆ ಪೆಟ್ಟು, ತೊಡೆಯ ಮೂಳೆ ಮುರಿದಿದೆ, ಎಚ್ಚರವಿಲ್ಲ. ವಯಸ್ಸಾದವರು ಎಚ್ಚರವಾಗಿದ್ದಾರೆ, ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಬೇಗ ಬನ್ನಿ.

ನನಗೆ ಹೆದರಿಕೆಯಾದಾಗ ಸಿಟ್ಟು ಬರುತ್ತದೆ. "ಚಪ್ಪಲಿ ಹಾಕ್ಕೊ! ಅಳೋಕೆ ಕಾರಲ್ಲಿ ಎರಡು ಗಂಟೆ ಟೈಮ್ ಇದೆ" ಎಂದು ಆ ಹೆಣ್ಣುಮಗಳ ಮೇಲೆ ಹರಿಹಾಯ್ದೆ. ಕಾರಿನಲ್ಲಿ ಅವಳು ಅಳಲೂ ಇಲ್ಲ. ಅರ್ಧ ದಾರಿಯಲ್ಲಿ ಆ ರಸ್ತೆಯಲ್ಲಿ ಹಾದ ಯಾರೋ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದ್ದ ಫೋಟೋ ಅವಳ ಫೋನಿಗೆ ಬಂತು. ನೋಡಿದವಳೇ ಕಿಟಾರನೆ ಕಿರುಚಿದಳು. ನಾನು ಬ್ರೇಕಿಗೆ ಒದ್ದೆ, ಕಾರು ಓಲಾಡಿತು, ಹಿಂದಿನವನು ಹಾರನ್ ಹೊಡೆದ. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ನಜ್ಜುಗುಜ್ಜಾದ ಟ್ರಕ್ಕು, ಅದರ ಬಾನೆಟ್ಟಿನಿಂದ ಕೆಂಪಗೆ ಹರಿದಿದೆ. ಆಮೇಲೆ ಸಿದ್ದೇಶ್ವರಿಯೇ ಸಣ್ಣ ದನಿಯಲ್ಲಿ ಹೇಳಿದಳು, "ಶೈಲಕ್ಕ, ಅದು ನಾ ಹಚ್ಚಿದ್ದ ಕುಂಕುಮ." ಮಳೆಗೆ ಕರಗಿ ಇಳಿದಿತ್ತು.

ಆಸ್ಪತ್ರೆಯಲ್ಲಿ ಕಲ್ಮೇಶನನ್ನು ಆಪರೇಷನ್ನಿಗೆ ಒಯ್ದಿದ್ದರು. ಗುರುಸಿದ್ದಪ್ಪನವರು ಒಂದು ಕೋಣೆಯಲ್ಲಿ ಆಸ್ಪತ್ರೆಯ ನಿಲುವಂಗಿ ತೊಟ್ಟು ಮಂಚದ ತುದಿಯಲ್ಲಿ ಕೂತಿದ್ದರು. ಮಗಳನ್ನು ನೋಡಿದವರೇ ಅವಳ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿದರು.

"ಶೈಲಜಾ, ಬಾಗಿಲಾ ಹಾಕವಾ. ಪೊಲೀಸನವ ಬರ್ತಾನಂತ. ನಾ ಹೇಳಿದ್ದು ಹೇಳಿದಂಗ ಅವಂಗ ಇಂಗ್ಲಿಷಿನ್ಯಾಗ ಹೇಳು. ಗಾಡಿ ಓಡಿಸಾಕತ್ತಿದ್ದು ನಾನು."

"ಏನ್ ಹೇಳ್ತಾ ಇದೀರಾ ಅಂಕಲ್ ನೀವು?"

"ಅಲ್ಲೇ ರಸ್ತಾದಾಗ ಹೇಳಿಬಿಟ್ಟೇನಿ. ಡ್ರೈವರ್ ಮೀ, ಡ್ರೈವರ್ ಮೀ ಅಂತ ಹತ್ತು ಸಲ ಹೇಳೇನಿ. ಈಗ ತಿರುಗಾಕ ಬರಂಗಿಲ್ಲ."

ಟ್ರಕ್ ಗುದ್ದಿದ್ದ ಕಾರಿನಲ್ಲಿ ಒಬ್ಬ ಹೆಂಗಸಿದ್ದರೆಂದು ಒಳಗೆ ಬರುವಾಗಲೇ ನರ್ಸ್ ಹೇಳಿದ್ದಳು. ಅವರೂ ಇದೇ ಆಸ್ಪತ್ರೆಯಲ್ಲಿ ಆಪರೇಷನ್ ಟೇಬಲ್ಲಿನ ಮೇಲಿದ್ದರು. ಬದುಕುತ್ತಾರೋ ಇಲ್ಲವೋ ಯಾರೂ ಹೇಳುತ್ತಿರಲಿಲ್ಲ. ಆಕೆಗೆ ಏನಾದರೂ ಆದರೆ ಸ್ಟೀರಿಂಗ್ ಹಿಡಿದಿದ್ದವರಿಗೆ ಜೈಲಾಗಬಹುದು, ಅಷ್ಟು ನನಗೂ ಗೊತ್ತು. ಕಲ್ಮೇಶ್ ಗ್ರೀನ್‌ಕಾರ್ಡಿಗೆ ಕಾಯುತ್ತ ಕಾಯುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಪೊಲೀಸ್ ಕೇಸೊಂದು ಬಿದ್ದರೆ ಗಂಟುಮೂಟೆ ಕಟ್ಟಬೇಕು ಎಂಬ ಮಾತು ನಮ್ಮ ಜನ ಸೇರಿದಲ್ಲೆಲ್ಲ ಬರುತ್ತದೆ. ಗುರುಸಿದ್ದಪ್ಪನವರೂ ಅದನ್ನು ಕೇಳಿಸಿಕೊಂಡಿದ್ದರು.

"ನಂದೇನೈತಿ ಇನ್ನ? ಜೈಲಿನ್ಯಾಗೂ ಊಟ ಹಾಕ್ತಾರ. ಅಂವ ಆಫೀಸಿಗೆ ಹೋಗಬೇಕು, ಇಕಿ ಸಂಸಾರ ನಡೀಬೇಕು" ಎಂದರು.

"ನಿಮಗೆ ಇಲ್ಲಿ ಲೈಸೆನ್ಸೇ ಇಲ್ಲ! ಅದು ಇನ್ನೊಂದು ಕೇಸ್ ಆಗುತ್ತೆ. ಪೊಲೀಸರಿಗೆ ಸುಳ್ಳು ಹೇಳಿದ್ದು ಮತ್ತೊಂದು. ನಾನೂ ವೀಸಾ ಮೇಲೇ ಇರೋದು, ಆ ಸುಳ್ಳನ್ನ ನನ್ನ ಬಾಯಲ್ಲಿ ಹೇಳಿಸ್ತೀರಾ?" ಎಂದು ಕೂಗಾಡಿದೆ. ಭಯ ನನ್ನದೂ ಇತ್ತು, ಮುಚ್ಚಿಡುವುದೇನು. ಸಿದ್ದೇಶ್ವರಿಯ ತೋಳು ಹಿಡಿದು ಅಲುಗಾಡಿಸಿದೆ. "ನೀನಾದ್ರೂ ಹೇಳೇ ನಿಮ್ಮಪ್ಪಂಗೆ!"

ಅವಳು ನನ್ನ ಮುಖ ನೋಡಲಿಲ್ಲ. "ನನ್ನ ಕೇಳಬ್ಯಾಡ್ರಿ ಶೈಲಕ್ಕ. ಯಾರನ್ನ ಕಳಸ್ಲಿ ನಾನು? ಅಪ್ಪನ್ನೋ, ಗಂಡನ್ನೋ?" ಎಂದು ಗೋಡೆಗೆ ಮುಖಮಾಡಿ ನಿಂತಳು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಒಳಗೆ ಬಂದ ಆಫೀಸರ್ ಬಾಗಿಲಿನಷ್ಟೇ ಎತ್ತರವಿದ್ದ. ಮಳೆಗೆ ನೆನೆದ ಟೋಪಿಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ. ನಾನು ಯಾರೆಂದು ಕೇಳಿದ, ನೆರೆಮನೆಯವಳು ಎಂದೆ. ಏನಾಯಿತೆಂದು ಇವರನ್ನು ಕೇಳಿ ಹೇಳಿ ಎಂದ. ಗುರುಸಿದ್ದಪ್ಪನವರು ಬೆನ್ನು ನೆಟ್ಟಗೆ ಮಾಡಿ, ಮೇಲಧಿಕಾರಿಯ ಮುಂದೆ ನಿಂತ ಹಾಗೆ ಎದ್ದು ನಿಂತು, ಮಳೆ ಹೇಗಿತ್ತು, ಮುಂದಿನ ಕಾರು ಹೇಗೆ ಗಕ್ಕನೆ ನಿಂತಿತು, ತಾನು ಹೇಗೆ ಬ್ರೇಕ್ ಒತ್ತಿದೆ, ಹಿಂದಿದ್ದ ತೂಗುಮಣೆ ಹೇಗೆ ಮುಂದಕ್ಕೆ ತಳ್ಳಿತು ಎಂದು ವಿವರವಾಗಿ ಹೇಳಿದರು. ನಾನು ಪ್ರತಿ ವಾಕ್ಯಕ್ಕೂ "ಇವರು ಹೇಳುತ್ತಿರುವುದೇನೆಂದರೆ" ಎಂದು ಸೇರಿಸಿ ಸೇರಿಸಿ ಹೇಳಿದೆ.

ಆಫೀಸರ್ ಏನೂ ಬರೆದುಕೊಳ್ಳಲಿಲ್ಲ. "ಖಂಡಿತವಾಗಿ ಇವರೇ ಓಡಿಸುತ್ತಿದ್ದರೇ?" ಎಂದು ಮೆಲ್ಲಗೆ ಕೇಳಿದ.

ನಾನು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಗುರುಸಿದ್ದಪ್ಪನವರಿಗೆ ರೋಷ ಬಂತು. ಜೀವನದಲ್ಲಿ ಯಾರೂ ಅವರನ್ನು ನೀನು ಡ್ರೈವರೇ ಎಂದು ಕೇಳಿರಲಿಲ್ಲ. "ಸಾಕ್ಷಿ ಬೇಕೇನ ಇವಂಗ? ತಡಿ" ಎಂದವರೇ ನಿಲುವಂಗಿಯ ಕೊರಳನ್ನು ಸರಿಸಿ ಭುಜ ತೋರಿಸಿದರು. ಬಲಭುಜದಿಂದ ಎದೆಯ ಮೇಲೆ ಹಾದು ಎಡಸೊಂಟದ ಕಡೆಗೆ ಸೀಟ್‌ಬೆಲ್ಟಿನ ಬಾಸುಂಡೆ ನೇರಳೆ ಬಣ್ಣಕ್ಕೆ ತಿರುಗಿತ್ತು. "ನೋಡು, ಡ್ರೈವರನ ಬೆಲ್ಟು! ಬಲಗಡೆ ಕುಂತವನ ಬೆಲ್ಟು ಹಿಂಗ ಬರ್ತದ. ಹೇಳವಾ ಅವಂಗ!"



ಅನುವಾದ ಬೇಕಾಗಲಿಲ್ಲ. ಆಫೀಸರ್ ಆ ಗೆರೆಯನ್ನು ನೋಡಿದ, ಮುದುಕರ ಮುಖ ನೋಡಿದ. ಆಮೇಲೆ ತನ್ನ ಎಡಭುಜದ ಮೇಲೆ ಬೆರಳಿಟ್ಟು, ನಿಧಾನವಾಗಿ ಬಲಸೊಂಟದವರೆಗೆ ಗೆರೆ ಎಳೆದು ತೋರಿಸಿದ. ಈ ದೇಶದಲ್ಲಿ ಡ್ರೈವರ್ ಕೂರುವುದು ಎಡಗಡೆಗೆ.

ಗುರುಸಿದ್ದಪ್ಪನವರ ಎರಡೂ ಕೈ ತಾವಾಗಿಯೇ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದವು. ಎಡಗೈ ಗೇರಿಗೆ ಹೋಯಿತು, ಅಲ್ಲೇ ನಿಂತಿತು. "ಅಯ್ಯ ಶಿವನ" ಎಂದು ಮಂಚದ ಮೇಲೆ ಕುಸಿದರು. ಸಿದ್ದೇಶ್ವರಿ ಓಡಿಬಂದು ತಂದೆಯನ್ನು ತಬ್ಬಿಕೊಂಡಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಆಫೀಸರ್ ಟೋಪಿ ಹಾಕಿಕೊಂಡು, "ಅಳಿಯನಿಗೆ ಎಚ್ಚರವಾದ ಮೇಲೆ ಬರುತ್ತೇನೆ, ಇವರು ಮಲಗಲಿ" ಎಂದಷ್ಟೇ ಹೇಳಿ ಹೊರಟುಹೋದ. ಮುಂದೇನು ಮಾಡುತ್ತಾನೋ ಎಂದು ನಾವು ಮೂವರೂ ಅದೇ ಕೋಣೆಯಲ್ಲಿ ಹೆದರಿ ಮುದುಡಿ ಕೂತೆವು.

ಮರುದಿನ ಬೆಳಿಗ್ಗೆ ಕಲ್ಮೇಶನಿಗೆ ಎಚ್ಚರವಾಯಿತು. ತಲೆಗೆ ಪಟ್ಟಿ, ಕಾಲಿಗೆ ಕಬ್ಬಿಣದ ಸರಳು. ಆಫೀಸರ್ ಬಂದು ಕೇಳಿದ್ದಕ್ಕೆ ಒಂದು ಕ್ಷಣವೂ ತಡಮಾಡದೆ, "ನಾನೇ ಡ್ರೈವ್ ಮಾಡ್ತಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಆ ಹೆಂಗಸು ಹೇಗಿದ್ದಾರೆಂದು ಕೇಳಿದ. ಗುರುಸಿದ್ದಪ್ಪನವರು ನನ್ನ ಸೆರಗಿಗೆ, ಅಂದರೆ ನಾನು ಹೊದ್ದಿದ್ದ ಶಾಲಿಗೆ, ಜೋತುಬಿದ್ದರು. "ತಲಿಗೆ ಪೆಟ್ಟು ಬಿದ್ದೈತಿ, ಏನೇನರ ಮಾತಾಡಾಕತ್ತಾನ ಅಂತ ಹೇಳವಾ ಅವಂಗ, ನಿನ್ನ ಕಾಲಿಗೆ ಬೀಳ್ತೀನಿ."

ನಾನು ಹೇಳಲಿಲ್ಲ. ಆಫೀಸರನೇ ಹೇಳಿದ. ಆ ಹೆಂಗಸಿನ ಪ್ರಾಣಕ್ಕೆ ಅಪಾಯವಿಲ್ಲ. ಮುಂದಿನ ಕಾರು ಎದುರಿಗೆ ಬಿದ್ದಿದ್ದ ಟೈರಿನ ತುಂಡಿಗೆ ಹೆದರಿ ನಿಂತಿತ್ತು, ನೋಡಿದವರಿದ್ದಾರೆ. ಮಳೆಯಲ್ಲಿ ಹತ್ತಿರ ಹೋದದ್ದಕ್ಕೆ ಕಲ್ಮೇಶನ ಹೆಸರಿಗೆ ಒಂದು ದಂಡದ ಟಿಕೆಟ್ ಬರೆಯುತ್ತೇನೆ, ಟ್ರಾಫಿಕ್ ಕೋರ್ಟಿಗೆ ಬರಬೇಕು, ಅಷ್ಟೇ. ಮುದುಕರ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅವರ ಬಲಗಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದೆ. ಅವರ ಹಿಡಿತ ಸಡಿಲವಾಗಲಿಲ್ಲ.

ಹೊರಡುವ ಮೊದಲು ಆಫೀಸರ್ ಕುರ್ಚಿ ಎಳೆದು ಅವರೆದುರು ಕೂತ. "ನನ್ನ ಮುಂದೆ ಸುಳ್ಳು ಹೇಳಿದ್ದು ವೀಸಾದ ಭಯಕ್ಕಿರಬಹುದು, ಅದು ನನಗೆ ಅರ್ಥವಾಗುತ್ತದೆ. ಆದರೆ ನಾನು ಅಲ್ಲಿಗೆ ಬರುವ ಮೊದಲೇ, ಸಹಾಯಕ್ಕೆ ಓಡಿಬಂದ ಜನಕ್ಕೆಲ್ಲ ಇವರು ನಾನೇ ಡ್ರೈವರ್ ಎಂದು ಕೂಗುತ್ತಿದ್ದರಂತೆ. ಅಳಿಯನ ಮೇಲೆ ಕವುಚಿ ಬಿದ್ದು ಯಾರನ್ನೂ ಮುಟ್ಟಗೊಡಲಿಲ್ಲವಂತೆ. ಯಾಕೆ, ಕೇಳಿ" ಎಂದ.

ಕೇಳಿದೆ. ಗುರುಸಿದ್ದಪ್ಪನವರು ನನ್ನನ್ನೇ ದಡ್ಡಿಯೆಂಬಂತೆ ನೋಡಿದರು. "ಅಷ್ಟು ಮಂದಿ ಗಾಡಿ ನಿಲ್ಲಿಸಿ ಓಡಿ ಬರಾಕತ್ತಿದ್ದರಲ್ಲವಾ. ಡ್ರೈವರನ್ನ ಬಡ್ಯಾಕ ಅಲ್ಲದ ಮತ್ಯಾಕ ಬರ್ತಾರ?"

ಹೇಳಿದೆ. ಆ ಎತ್ತರದ ಮನುಷ್ಯ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. "ಅವರು ಕಂಬಳಿ ತಂದಿದ್ದರು. ಯಾರೂ ಹೊಡೆಯುತ್ತಿರಲಿಲ್ಲ ಎಂದು ಹೇಳಿ" ಎಂದ.

"ಓಡಿ ಬರೋರ ಕೈಯಾಗ ಏನೈತಿ ಅಂತ ಯಾರು ನೋಡ್ತಾರವಾ?" ಎಂದು ಗುರುಸಿದ್ದಪ್ಪನವರು ತಮ್ಮ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. "ಇದು ಎಂಜಿನ್ನಿಗೆ ಹೋದದ್ದಲ್ಲ. ಹೊಸದಾಗಿ ಡ್ಯೂಟಿಗೆ ಸೇರಿದ್ದೆ. ಒಂದು ಸೈಕಲ್ಲು ಅಡ್ಡ ಬಂತು. ಆ ಹುಡುಗ ಉಳಕೊಂಡ, ಅಷ್ಟರಾಗ ಊರ ಮಂದಿ ಓಡಿ ಬಂದ್ರು. ಬಸ್ ತುಂಬ ಜನ ಇತ್ತವಾ. ಕಂಡಕ್ಟರ್ ಇದ್ದ. ಕಿಡಕ್ಯಾಗಿಂದ ನೋಡಿಕೋತ ಕುಂತಿದ್ರು."

ಸಿದ್ದೇಶ್ವರಿ ತಲೆಯೆತ್ತಿದಳು. ಇಷ್ಟು ವರ್ಷದಲ್ಲಿ ಮಗಳಿಗೂ ಅವರು ಇದನ್ನು ಹೇಳಿರಲಿಲ್ಲ.

"ಅವತ್ತ ನನ್ನ ಉಳಸಾಕ ನನ್ನ ಮ್ಯಾಲೆ ಯಾರೂ ಕವುಚಿ ಬೀಳಲಿಲ್ಲವಾ" ಎಂದರು.

ಏನು ಹೇಳಿದರು ಎಂದು ಆಫೀಸರ್ ನನ್ನನ್ನು ಕೇಳಿದ. ಮಂಚದಿಂದ ಕಲ್ಮೇಶ್ ಕೈಚಾಚಿ ಮಾವನ ಮೊಣಕೈ ಹಿಡಿದುಕೊಂಡು, ಒಂದೊಂದೇ ಮಾತಾಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ.