ಫಲಾವಳಿಯ ಚಕ್ಕೋತ

ನಮ್ಮ ಮನೆಯವರು ಜೀವಮಾನವೆಲ್ಲ ಸಮುದ್ರಕ್ಕೆ ಹೋದವರು. ಬಿದ್ದದ್ದು ಮಾತ್ರ ದಡದಲ್ಲಿ. ಹೊನ್ನಾವರ ಬಂದರಿನಲ್ಲಿ ಬೋಟು ಹತ್ತುವಾಗ ಕಾಲು ಜಾರಿ, ತಲೆ ಕಟ್ಟೆಯ ಅಂಚಿಗೆ ಬಡಿಯಿತು. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಭಟ್ಕಳ ದಾಟಿದರೂ ನಾನು ಅಳಲಿಲ್ಲ. ಅತ್ತರೆ ಅವರ ತಲೆ ಹಿಡಿದುಕೊಳ್ಳುವವರು ಯಾರು?

"ಮಿದುಳಿನ ಸುತ್ತ ರಕ್ತ ಚೆಲ್ಲಿದೆ ಅಮ್ಮ. ಇದರಿಂದ ರಕ್ತನಾಳ ಬಿಗಿದುಕೊಳ್ಳಬಹುದು. ಬಿಗಿದರೆ ಮಿದುಳಿಗೆ ರಕ್ತ ಸಾಲುವುದಿಲ್ಲ. ಹಾಗಾಗದಿರಲಿ ಅಂತ ಈ ಮಾತ್ರೆ" ಎಂದರು ಡಾಕ್ಟರು. ನನಗೆ ಅರ್ಥವಾಯಿತು. ತೆಂಗಿನ ಕತ್ತದ ಹಗ್ಗವೂ ನೀರು ಕುಡಿದರೆ ಬಿಗಿಯುತ್ತದೆ.

ಮನೆಗೆ ಕಳಿಸುವಾಗ ಇನ್ನೂ ಹೇಳಿದರು. ನಾಲ್ಕು ತಾಸಿಗೊಮ್ಮೆ ಮಾತ್ರೆ, ನಿದ್ದೆಯಿಂದ ಎಬ್ಬಿಸಿಯಾದರೂ ಕೊಡಬೇಕು. ಮಾತ್ರೆ ಮುಗಿಯುವ ತನಕ ಚಕ್ಕೋತ ಮುಟ್ಟಿಸಬಾರದು. ಅದನ್ನು ತಿಂದರೆ ಮಾತ್ರೆಯ ಜೋರು ಹೆಚ್ಚಾಗಿ ಬಿ.ಪಿ. ತೀರ ಇಳಿಯುತ್ತದೆ, ಮಿದುಳಿಗೆ ಮತ್ತೆ ರಕ್ತ ಕಡಿಮೆಯಾಗುತ್ತದೆ.

ಅಷ್ಟರಲ್ಲಿ ಚೌತಿ ಬಂತು. ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲಿ ಚಕ್ಕೋತ ಇಲ್ಲದಿದ್ದರೆ ಆಗುವುದಿಲ್ಲ. ಗಣಪತಿ ಮುಳುಗಿಸಿ ಬಂದ ಮೇಲೆ ಆ ಹಣ್ಣಿನ ಮೊದಲ ತೊಳೆ ನಮ್ಮಲ್ಲಿ ದೋಣಿಗೆ ಹೋಗುವವನಿಗೆ. ಮನೆಯವರ ಅಕ್ಕ, ನನ್ನ ಅತ್ತಿಗೆ, ಹಣ್ಣು ಇಳಿಸಿ ಕತ್ತಿ ಹಿಡಿದು ಬಂದರು.

"ಅದು ಬ್ಯಾಡ ಅತ್ತಿಗೆ. ಡಾಕ್ಟರು ಹೇಳೀರು."

"ದೇವ್ರ ಹಣ್ಣು ಎಂತ ಮಾಡ್ತದೆ?"

"ಹಣ್ಣು ದೇವ್ರದ್ದು, ಗಂಡ ನನ್ನವ. ಕೊಡಿ ಇಲ್ಲಿ."

"ನಿನ್ನ ಗಂಡ ಆಗೂಕೆ ಮೊದ್ಲು ನನ್ನ ತಮ್ಮ!"

ಮನೆಯವರು ಮಲಗಿದಲ್ಲಿಂದಲೇ ಕೈ ಚಾಚಿದರು. ಬಿದ್ದ ಮೇಲೆ ಮಾತು ಬಹಳ ಕಮ್ಮಿಯಾಗಿತ್ತು. ಹೂಂ, ಉಹೂಂ, ನೀರು, ಅಷ್ಟೇ. ಆ ಕೈಗೆ ಬಾಳೆಹಣ್ಣು ಇಟ್ಟೆ. ಗೋಡೆಗೆ ಮುಖ ತಿರುಗಿಸಿದರು. ಅತ್ತಿಗೆಯ ಕೈಯಿಂದ ಚಕ್ಕೋತ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ. ದಪ್ಪ ಸಿಪ್ಪೆಯ ಹಣ್ಣು, ಕೆಡದೆ ಕಾಯುತ್ತದೆ.

ಅತ್ತಿಗೆ ದಿನಾ ಬಂದು ಡಬ್ಬದಲ್ಲಿ ಇಣುಕುತ್ತಿದ್ದರು. ಕಾಣುತ್ತಿದ್ದದ್ದು ಅಕ್ಕಿ ಮಾತ್ರ. "ನೀನೇ ತಿಂದ್ಯ ಎಂತ?"

"ತಿಂದಿದ್ರೆ ನಿಮ್ಗೆ ಸಿಪ್ಪೆ ಕಳಿಸ್ತಿದ್ದೆ."

ಮಾತ್ರೆ ಮುಗಿಯಿತು. ಮತ್ತೆ ಉಡುಪಿಗೆ ಹೋದೆವು. ಡಾಕ್ಟರು ನೋಡಿ, ರಕ್ತ ಸರಿಯಾಗಿ ಹರಿಯುತ್ತಿದೆ, ಇನ್ನು ಆ ಮಾತ್ರೆ ಬೇಡ ಎಂದರು. "ಚಕ್ಕೋತ?" ಎಂದೆ. ಎರಡು ದಿನ ಬಿಟ್ಟು ಧಾರಾಳ ಕೊಡಿ ಎಂದು ನಕ್ಕರು.

ಅತ್ತಿಗೆಯನ್ನು ಕರೆದು ಕೂರಿಸಿಯೇ ಹಣ್ಣು ಸುಲಿದೆ. ಸಿಪ್ಪೆ ಮುದುಡಿತ್ತು. ಮನೆಯವರು ಮೊದಲ ತೊಳೆ ಅಗಿದು, ಬೀಜ ಉಗಿದು, ನನ್ನನ್ನೇ ನೋಡಿದರು.

"ಬೆಂಡಾಗಿ ಹೋಗ್ಯದೆ. ಅಂದೇ ಕೊಟ್ಟಿದ್ರೆ ರಸ ಇರ್ತಿತ್ತು. ಹಟಮಾರಿ ಹೆಂಗ್ಸು."

ಬಿದ್ದ ಮೇಲೆ ಇಷ್ಟು ಮಾತು ಒಟ್ಟಿಗೆ ಅವರ ಬಾಯಿಂದ ಬಂದದ್ದು ಅದೇ ಮೊದಲು. ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಬಾಯಿ ಮುಚ್ಚಿ ತಿನ್ನಿ" ಎಂದೆ.

ಮುಚ್ಚಲಿಲ್ಲ. ಉಪ್ಪು ಖಾರ ಎಲ್ಲಿ ಎಂದು ಕೇಳಿದರು. ಎದ್ದು ಹೋಗಿ ತಂದುಕೊಟ್ಟೆ.