ಮೂರನೇ ಗಡಿಗೆಯ ಬೂದಿ

ನನ್ನ ತಮ್ಮ ಒಂದು ವರ್ಷಕ್ಕೂ ಮೇಲೆ ತನ್ನ ಕಣ್ಣನ್ನು ತಾನೇ ನಂಬದೆ ಬದುಕಿದ. ಅದಕ್ಕೆ ಕಾರಣ ನಾನು. ಇದನ್ನು ಅವನಿಗೆ ಹೇಳಿದ್ದೇನೆ, ಅಪ್ಪನಿಗೂ ಹೇಳಿದ್ದೆ. ಬರೆದಿರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ನಿಧಾನವಾಗಿ ಬರೆಯುತ್ತೇನೆ.

ಕುರುಗೋಡಿನಲ್ಲಿ ನಮ್ಮದು ವಿಭೂತಿ ಮಾಡುವ ಮನೆ. ಅವ್ವ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನೂ ಆ ಕೆಲಸವನ್ನೂ ನಾನು ಒಟ್ಟಿಗೇ ಎತ್ತಿಕೊಂಡೆ. ಮುಂದೆ ಅದೇ ಊರಿನ ಹಿಂದಿನ ಓಣಿಗೆ ಮದುವೆಯಾಗಿ ಹೋದರೂ ಹಗಲೆಲ್ಲ ತವರಿನ ಹಿತ್ತಲಲ್ಲೇ ಇರುತ್ತಿದ್ದೆ. ಅಪ್ಪ ಊರೂರಿಗೆ, ಮಠಗಳಿಗೆ ಮಾಲು ಮುಟ್ಟಿಸಿ ಬರುತ್ತಿದ್ದ. ಮಾಡುವುದು ನನ್ನ ಪಾಲು.

ಸಗಣಿ ಉಂಡೆಗಳನ್ನು ಒಣಗಿಸಿ ಸುಟ್ಟರೆ ಬರುವ ಬೂದಿ ಹಾಗೇ ಹಚ್ಚಿಕೊಳ್ಳಲು ಬರುವುದಿಲ್ಲ, ಹಣೆ ಗೀರುತ್ತದೆ. ಅದನ್ನು ನೀರಿನಲ್ಲಿ ಕಲಕಿ ದಪ್ಪದ್ದು, ಸಣ್ಣದ್ದು ಬೇರೆ ಮಾಡಬೇಕು. ನಮ್ಮಲ್ಲಿ ಮೂರು ಗಡಿಗೆ. ಮೊದಲನೆಯದರಲ್ಲಿ ಕಲಕಿ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರೆ ಮರಳಿನಂಥದ್ದು ತಳಕ್ಕೆ ಕೂರುತ್ತದೆ. ಮೇಲಿನ ಬಗ್ಗಡದ ನೀರನ್ನು ಎರಡನೆಯದಕ್ಕೆ ಬಗ್ಗಿಸಿ, ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಕಾಯಬೇಕು. ಅಲ್ಲಿಯೂ ಕೂರದೆ ನೀರಿನಲ್ಲೇ ತೇಲುವುದನ್ನು ಮೂರನೆಯದಕ್ಕೆ ಬಗ್ಗಿಸಿ ರಾತ್ರಿಯೆಲ್ಲ ಬಿಡಬೇಕು. ಬೆಳಿಗ್ಗೆ ನೀರು ತೆಗೆದರೆ ತಳದಲ್ಲಿ ಬೆಣ್ಣೆಯಂತೆ ಸಿಗುವುದೇ ಮೇಲಾದ ವಿಭೂತಿ. ಮೊದಲನೇ ಗಡಿಗೆಯದು ಪಾತ್ರೆ ತಿಕ್ಕಲು, ಎರಡನೆಯದು ಪೇಟೆಗೆ, ಮೂರನೆಯದು ಮಠಕ್ಕೆ ಮತ್ತು ಮನೆಯ ದೇವರ ಜಗುಲಿಗೆ.

ತಮ್ಮ ಬಳ್ಳಾರಿಯಲ್ಲಿ ಬಿಎಸ್ಸಿ ಓದುತ್ತಿದ್ದ. ಪಾರ್ವತಿನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಎಪ್ಪತ್ತರ ದಶಕದ ನಡುವಿನ ಮಾತು. ಒಂದು ಶನಿವಾರ ಬಂದವನೇ ನನ್ನನ್ನು ಬಳ್ಳಾರಿಗೆ ಹೊರಡಿಸಿದ.

"ಏನೈತೋ ಅಲ್ಲಿ? ಕೆಲಸ ಬಿಟ್ಟು ಬರಾಕ ನಾನೇನು ಸಾಹುಕಾರ್ತಿನೇನು?"

"ಬಾರಕ್ಕ ಸುಮ್ನ. ನೀ ಮಾಡಿದ್ದನ್ನ ನಿನಗ ತೋರಸ್ತೀನಿ."

ಕಾಲೇಜಿನ ಒಂದು ಉದ್ದನೆಯ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ನನ್ನನ್ನು ನಿಲ್ಲಿಸಿದ. ತನ್ನ ಹಣೆಯ ಮೇಲಿನ ವಿಭೂತಿಯನ್ನೇ ಒಂದು ಹನಿ ನೀರಿನಲ್ಲಿ ಕಲಸಿ ಗಾಜಿನ ಪಟ್ಟಿಯ ಮೇಲೆ ಹಚ್ಚಿದ್ದನಂತೆ. ಯಾವ ಕಣ್ಣು ಮುಚ್ಚಬೇಕು, ಯಾವುದು ತೆರೆಯಬೇಕು ಎಂದು ತಿಳಿಯದೆ ನಾನು ಎರಡನ್ನೂ ಮುಚ್ಚಿಕೊಂಡೆ. ಅವನು ನಕ್ಕು ನನ್ನ ಒಂದು ಕಣ್ಣಿನ ಮೇಲೆ ತನ್ನ ಅಂಗೈ ಇಟ್ಟ. ಆಗ ಕಂಡಿತು. ಬೆಳಕಿನ ಬಯಲಿನಲ್ಲಿ ಗಾಜಿನಂಥ ಚೂರುಗಳು. ಅವುಗಳ ನಡುವೆ ಎರಡೂ ತುದಿ ಉಬ್ಬಿ ನಡು ಸಣ್ಣಗಿರುವ ಪುಟ್ಟ ಪುಟ್ಟ ಡಮರುಗಳು.

"ಶಿವನೇ," ಅಂದೆ.

"ಶಿವಂದಲ್ಲಕ್ಕ, ಜ್ವಾಳದ್ದು. ಸೊಪ್ಪಿಯೊಳಗ ಮರಳಿನಂಥ ಒಂದು ಪದಾರ್ಥ ಹಿಂಗ ಡಮರಿನ ಹಂಗ ಕೂಡ್ತೈತಂತ. ದನ ತಿಂದ್ರೂ ಕರಗೂದಿಲ್ಲ, ಸುಟ್ರೂ ಹೋಗೂದಿಲ್ಲ."

ಕಣ್ಣಿಡುವ ಗಾಜಿನೊಳಗೆ ಅಳತೆಯ ಗೆರೆಗಳಿದ್ದವು. ಒಂದೊಂದು ಡಮರು ಎಷ್ಟು ಗೆರೆ ಉದ್ದ ಎಂದು ಎಣಿಸಿ ತೋರಿಸಿದ. ಒಂದು ಕೂದಲಿನ ದಪ್ಪದೊಳಗೆ ಮೂರು ನಾಲ್ಕು ಸಾಲಾಗಿ ಮಲಗುತ್ತವೆ ಅಂದ. ಊರಿಗೆ ಬರುವ ಬಸ್ಸಿನಲ್ಲಿ ನನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಅಷ್ಟು ವರ್ಷ ನಾನು ನೀರಿನಿಂದ ಬೇರೆ ಮಾಡಿದ್ದು ಇಂಥದ್ದನ್ನು ಎಂದು ಯಾರಾದರೂ ಹೇಳಬಹುದೆಂದು ನಾನು ಅಂದುಕೊಂಡಿರಲಿಲ್ಲ.

ಆ ಚಳಿಗಾಲದಲ್ಲಿ ನನ್ನ ಅಂಗೈ ಒಡೆಯಿತು. ಬೂದಿನೀರು ಚರ್ಮವನ್ನು ತಿನ್ನುತ್ತದೆ. ಎಣ್ಣೆ ಹಚ್ಚಿದೆ, ಬಟ್ಟೆ ಸುತ್ತಿದೆ, ಆದರೂ ಗಡಿಗೆಗೆ ಕೈ ಇಟ್ಟರೆ ಜೀವ ಹೋದಂತಾಗುತ್ತಿತ್ತು. ಶಿವರಾತ್ರಿಗೆ ಮಠದವರು ಎಂದಿಗಿಂತ ಹೆಚ್ಚು ಹೇಳಿದ್ದರು. ಬಳ್ಳಾರಿಯ ಬಣ್ಣದ ಅಂಗಡಿಯಲ್ಲಿ ಗೋಡೆಗೆ ಮೆತ್ತುವ ಬಿಳಿ ಪುಡಿ ಸಿಗುತ್ತದೆ, ಸೀಮೆಸುಣ್ಣದ ಜಾತಿಯದು. ಗಂಡನ ಕೈಲಿ ಒಂದು ಚೀಲ ತರಿಸಿದೆ. ಮೂರನೇ ಗಡಿಗೆಯನ್ನು ಬೋರಲು ಹಾಕಿ, ಎರಡನೆಯದರ ಬೂದಿಗೆ ಆ ಪುಡಿ ಕಲಸಿ ವಿಭೂತಿ ಗಟ್ಟಿ ಮಾಡಿದೆ. ಗಂಡ "ಯಾಕ?" ಅಂತ ಕೇಳಲಿಲ್ಲ. ಅಪ್ಪನಿಗೆ ಕಣ್ಣು ಮಂಜು, ತಿಳಿಯಲಿಲ್ಲ. ಮಠದಿಂದ ಬಂದವರು ಈ ಸಲ ವಿಭೂತಿ ಹಾಲಿನಂತೆ ಬಂದಿದೆ ಎಂದು ಹೊಗಳಿ ಹೋದರು. ಕೈ ಮಾಯ್ದ ಮೇಲೂ ನಾನು ಮೂರನೇ ಗಡಿಗೆಯನ್ನು ನೆಟ್ಟಗೆ ಇಡಲಿಲ್ಲ, ಪೇಟೆಯ ಮಾಲಿಗೂ ಅದೇ ಪುಡಿ ಬೆರೆಸತೊಡಗಿದೆ. ನನ್ನ ತಪ್ಪು ಅಲ್ಲಿಂದ ಶುರುವಾಯಿತು. ನೋವಿದ್ದಾಗ ಮಾಡಿದ್ದಕ್ಕೆ ನಾನು ನನ್ನನ್ನು ಅಷ್ಟಾಗಿ ಬೈದುಕೊಳ್ಳುವುದಿಲ್ಲ.

ಕೆಲವು ದಿನಗಳಲ್ಲೇ ತಮ್ಮ ಒಂದು ಖಾಲಿ ಸೀಸೆ ಹಿಡಿದು ಬಂದ. ಅವನ ಲೆಕ್ಚರರಿಗೆ ಡಮರುಗಳ ಸುದ್ದಿ ಹೇಳಿದ್ದನಂತೆ. ಸರಿಯಾಗಿ ಅಳೆದು, ಯಾವ ಗಾತ್ರದ್ದು ಎಷ್ಟು ಎಂದು ವಿಂಗಡಿಸಿ ತಾ ಎಂದು ಅವರು ಹೇಳಿದ್ದರು. ಅದಿರು ಪರೀಕ್ಷಿಸುವ ಒಂದು ಲ್ಯಾಬೊರೇಟರಿಯವರಿಗೆ ಪುಡಿಗಳನ್ನು ಅಳೆಯಬಲ್ಲ ಹುಡುಗ ಬೇಕಾಗಿದ್ದ. ಕೆಲಸ ಚೆನ್ನಾಗಿದ್ದರೆ ಇವನ ಹೆಸರು ಹೇಳುವುದಾಗಿಯೂ ಅಂದಿದ್ದರು.

"ಮೂರನೇ ಗಡಿಗಿದಾ ಕೊಡಬೇಕು ನೋಡಕ್ಕ. ನಿನ್ನ ಕೈದು."

ಮೂರನೇ ಗಡಿಗೆ ಗೋಡೆಗೆ ಒರಗಿ ಬೋರಲಾಗಿತ್ತು. ಅವನು ಅದನ್ನು ನೋಡಲಿಲ್ಲ. ಕಲಸಿದ್ದನ್ನು ಕೊಟ್ಟರೆ ದಪ್ಪ ಕಣ ಕಂಡು ಸಿಕ್ಕಿಬೀಳುತ್ತೇನೆಂದು ನಾನು ಒಳಗೆ ಹೋಗಿ ಬರೀ ಬಿಳಿ ಪುಡಿಯನ್ನೇ ನೀರಲ್ಲಿ ನಾದಿ ಸೀಸೆ ತುಂಬಿ ತಂದೆ. ಅವನು ಬೆಳಕಿಗೆ ಹಿಡಿದ.

"ಈ ಸಲ ಬಾಳ ಬೆಳ್ಳಗ ಐತಲ್ಲಕ್ಕ."

"ಚಲೋ ಸುಟ್ಟಿತ್ತು," ಅಂದೆ.

ಅವನು ವಾರಗಟ್ಟಲೆ ಹುಡುಕಿದ. ಒಂದು ಡಮರೂ ಸಿಗಲಿಲ್ಲ. ಮತ್ತೆ ಬಂದು ಇನ್ನೊಂದು ಸೀಸೆ ಕೇಳಿದ. ಆಗ ನಿಜ ಹೇಳಬಹುದಿತ್ತು. ಹೇಳಿದರೆ ಮೊದಲನೆಯದು ಸುಳ್ಳೆಂದು ಗೊತ್ತಾಗುತ್ತಿತ್ತು. ಎರಡನೆಯ ಸಲವೂ ಅದನ್ನೇ ತುಂಬಿಕೊಟ್ಟೆ. ಸೀಸೆ ಕೊಡುವಾಗ ಅವನಿಗೆ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಟ್ಟಿದ್ದೂ ನೆನಪಿದೆ.

ಲೆಕ್ಚರರ ಮುಂದೆ ಏನಾಯಿತೆಂದು ಅವನು ಆಮೇಲೆ ಹೇಳಿದ. ಅವರು ತಾವೇ ಕಣ್ಣಿಟ್ಟು ನೋಡಿದರಂತೆ. "ಡಮರು ಎಲ್ಲಿ?" ಎಂದರಂತೆ.

"ಮೊದ್ಲು ಇದ್ವು ಸಾರ್. ನಮ್ಮಕ್ಕನೂ ನೋಡ್ಯಾಳ."

"ವಿಭೂತಿ ಮನಿಯವರು ಈಬತ್ತ್ಯಾಗ ಡಮರು ಕಂಡ್ರ ಅದು ಭಕ್ತಿನಪಾ. ಅಳತಿ ಅಲ್ಲ." ಆಮೇಲೆ ಸ್ವಲ್ಪ ಮೆತ್ತಗೆ, "ಒಂದೋ ನಿನ್ನ ಕಣ್ಣು ತಪ್ಪಿರಬೇಕು, ಇಲ್ಲಾ ನಿಮ್ಮಕ್ಕ ಬ್ಯಾರೆ ಏನಾರ ತುಂಬಿ ಕೊಟ್ಟಿರಬೇಕು. ಯಾವುದು?"

"ನನ್ನ ಕಣ್ಣ ಇರಬೇಕ್ರಿ," ಅಂದನಂತೆ ನನ್ನ ತಮ್ಮ.

ಇದನ್ನು ಅವನು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದ. ನಾನು ಒಲೆಯ ಕಡೆ ತಿರುಗಿಕೊಂಡೆ. ಅವನು ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದ. ಡಾಕ್ಟರು ಏನೂ ದೋಷವಿಲ್ಲ ಅಂದರು. ಅದರಿಂದ ಅವನ ಚಿಂತೆ ಹೆಚ್ಚೇ ಆಯಿತು. ಕಣ್ಣು ಸರಿಯಿದ್ದೂ ಇಲ್ಲದ್ದನ್ನು ಕಂಡೆನಲ್ಲ ಎಂದು. ಬಿಎಸ್ಸಿ ಮುಗಿಸಿದ. ಲ್ಯಾಬೊರೇಟರಿಯ ಕಡೆ ಹೋಗಲಿಲ್ಲ, ಲೆಕ್ಚರರೂ ಮತ್ತೆ ಕರೆಯಲಿಲ್ಲ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದ.

ಒಂದು ವರ್ಷ ಕಳೆದ ಮೇಲೆ ಅವನನ್ನು ನೋಡಲು ಸಿರುಗುಪ್ಪಕ್ಕೆ ಹೋದೆ. ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸಲು ಹರವಿದ್ದರು. ಒಬ್ಬ ವ್ಯಾಪಾರಿ ಅಕ್ಕಿಯ ಮಾದರಿ ತಂದಿದ್ದ. ತಮ್ಮ ಒಂದು ಹಿಡಿ ಅಂಗೈಯಲ್ಲಿ ಹರವಿ, ನುಚ್ಚೆಷ್ಟು ಇಡಿಯೆಷ್ಟು ಎಂದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಚೀಲ ಹೊರುವ ಹಮಾಲಣ್ಣನನ್ನು ಕರೆದು, "ನೀನೊಮ್ಮೆ ನೋಡಣ್ಣ. ನನಗ ಯಾಕೋ ನುಚ್ಚು ಜಾಸ್ತಿ ಕಾಣ್ತೈತಿ. ಖರೇ ಐತೇನು?" ಅಂದ.

"ಎಲ್ಲದಕೂ ನನ್ನ ಕೇಳ್ತೀಯಲ್ಲೋ ಮಾರಾಯ. ಹಂಗಾರ ಕುರ್ಚಿ ಇತ್ತ ಕೊಡು, ಚೀಲ ನೀ ಹೊರು," ಎಂದು ಹಮಾಲ ನಕ್ಕ. ತಮ್ಮನೂ ನಕ್ಕ. ವ್ಯಾಪಾರಿಯೂ ನಕ್ಕ.

ನಾನು ತಮ್ಮನನ್ನು ಗಿರಣಿಯ ಹಿಂದೆ, ಹೊಟ್ಟಿನ ರಾಶಿಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಕೈ ಒಡೆದದ್ದು, ಪುಡಿ ತರಿಸಿದ್ದು, ಎರಡು ಸಲ ಸೀಸೆ ತುಂಬಿದ್ದು.

"ಕೈ ಒಡದಿತ್ತು ಅಂದಿದ್ರ ಸಾಕಿತ್ತಲ್ಲಕ್ಕ. ನಾನಾ ಬಂದು ಗಡಿಗಿ ಬಗ್ಗಸ್ತಿದ್ದೆ."

"ಹೌದಪ್ಪ."

"ಪುಡಿ ಕಲಸಿದ್ದಕ್ಕ ಸಿಟ್ಟಿಲ್ಲ ನನಗ. ನಾ ಹೊಸ್ತಿಲ ಮ್ಯಾಲೆ ಕುಂತು ಹೇಳಿದ್ನಲ್ಲ, ಕಣ್ಣ ತಪ್ಪಿರಬೇಕು ಅಂತ. ಆವಾಗ ನೀ ಸುಮ್ನಿದ್ದಿ."

ಅವನು ನನ್ನ ಕೈಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದ, ಕಿಟಕಿಯ ಸೀಟು ಹಿಡಿದುಕೊಟ್ಟ, ಕುಡಿಯಲು ನೀರು ತಂದುಕೊಟ್ಟ.

ಊರಿಗೆ ಬಂದು ಅಪ್ಪನಿಗೂ ಹೇಳಿದೆ. ಅಪ್ಪ ಉಳಿದ ಪುಡಿಯನ್ನು ಗೋಡೆಗೆ ಹಚ್ಚು ಅಂದ. ಹಚ್ಚಿದೆ. ಮಠಕ್ಕೆ ಹೋಗಿ ತಪ್ಪೊಪ್ಪಿಕೊಂಡು ಬಂದದ್ದು ಅಪ್ಪನೇ. ಮೂರನೇ ಗಡಿಗೆ ಮತ್ತೆ ನೀರು ಕಂಡಿತು. ಯಾಕೆ ಈಗ ವಿಭೂತಿ ಮಾಸಲು ಎಂದು ಪೇಟೆಯವರು ತಕರಾರು ತೆಗೆದರು. ಲೆಕ್ಚರರನ್ನು ಕಂಡು ಹೇಳಬೇಕೆಂದು ಬಳ್ಳಾರಿಗೂ ಹೋದೆ. ಅವರಿಗೆ ವರ್ಗವಾಗಿತ್ತು, ಎಲ್ಲಿಗೆಂದು ಅಲ್ಲಿ ಯಾರೂ ಹೇಳಲಿಲ್ಲ.

ತಮ್ಮ ಗಿರಣಿ ಬಿಟ್ಟ. ಯಾರ ಶಿಫಾರಸೂ ಇಲ್ಲದೆ ಬಳ್ಳಾರಿ ಕಂಟೋನ್ಮೆಂಟಿನಲ್ಲಿದ್ದ ಆ ಅದಿರಿನ ಲ್ಯಾಬೊರೇಟರಿಗೆ ತಾನೇ ಹೋಗಿ, ಸೀಸೆ ತೊಳೆಯುವ, ಜರಡಿ ಹಿಡಿಯುವ ಕೆಲಸಕ್ಕೆ ಸೇರಿದ. ಅಳೆಯುವ ಮೇಜಿನ ಮುಂದೆ ಕೂರಲು ವರ್ಷಗಳೇ ಬೇಕಾದವು. ಆಮೇಲೆ ಅದಿರಿನ ತುಂಡುಗಳನ್ನು ಸಣ್ಣ ಸಣ್ಣ ಪುಡಿಗಳಿಂದ ಉಜ್ಜಿ ಕನ್ನಡಿಯಂತೆ ಮಾಡಿ, ಅದರ ಮೈಯಲ್ಲಿ ಯಾವ ಲೋಹ ಎಲ್ಲಿದೆ ಎಂದು ನೋಡುವುದನ್ನು ಕಲಿತ. ಮನೆಗೆ ಬಂದಾಗ ಅದನ್ನೆಲ್ಲ ನನಗೆ ಹೇಳುತ್ತಿದ್ದ. ಬೆಳಕಿನ ಮೈಕ್ರೋಸ್ಕೋಪಿಗೆ ಕಾಣದಷ್ಟು ಸಣ್ಣ ಕಣಗಳೂ ಇವೆ, ಅವನ್ನು ನೋಡುವ ಯಂತ್ರ ದೊಡ್ಡ ಊರುಗಳಲ್ಲಿದೆ ಎನ್ನುತ್ತಿದ್ದ. ಈಗ ಅವನ್ನು ನ್ಯಾನೊ ಎನ್ನುತ್ತಾರಂತೆ. ನನ್ನೊಡನೆ ಮೊದಲಿನಂತೆಯೇ ನಗುತ್ತಿದ್ದ. ಒಂದನ್ನು ಮಾತ್ರ ನಾನು ಗಮನಿಸಿದೆ. ಕೈಗೆ ಸಿಕ್ಕ ಉಪ್ಪು, ಸಕ್ಕರೆ, ಹೊಲದ ಮಣ್ಣು ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡುವವನು, ನಾನು ಕೊಟ್ಟ ವಿಭೂತಿಯನ್ನು ಮಾತ್ರ ನೋಡದೆ ನೆಟ್ಟಗೆ ಹಣೆಗೆ ಹಚ್ಚಿಕೊಳ್ಳುತ್ತಿದ್ದ.

"ಒಮ್ಮಿ ಪರೀಕ್ಷೆ ಮಾಡೋ," ಎಂದು ಎಷ್ಟೋ ಸಲ ಹೇಳಿದೆ.

"ಬ್ಯಾಡ ಬಿಡಕ್ಕ," ಎನ್ನುತ್ತಿದ್ದ.

ಕೊನೆಗೆ ನಾನೇ ಒಂದು ಸೀಸೆ ತುಂಬಿಕೊಂಡು ಲ್ಯಾಬೊರೇಟರಿಗೆ ಹೋದೆ. ಎಂಬತ್ತರ ದಶಕ ಶುರುವಾಗಿತ್ತು. ಅವನು ಬಿಳಿ ಕೋಟು ಹಾಕಿಕೊಂಡು ಹೊರಗೆ ಬಂದ.

"ಏನಕ್ಕ ಇದು? ಯಾರಿಗಾರ ಆರಾಮ ಇಲ್ಲೇನು?"

"ಎಲ್ಲಾರೂ ಆರಾಮ ಅದಾರ. ಇದನ್ನ ನೋಡು. ಯಾರೋ ಗುರ್ತಿಲ್ಲದವರು ತಂದದ್ದು ಅಂತ ನೋಡು. ನೋಡೋತನ ನಾ ಊರಿಗೆ ಹೋಗೂದಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಸೀಸೆ ತೆಗೆದುಕೊಂಡು ಒಳಗೆ ಹೋದ. ನಾನು ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತೆ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಒಳಗಿನಿಂದ ಯಾರೋ ನನಗೆ ಚಹಾ ಕಳಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಅವನು ಬಂದು ಪಕ್ಕದಲ್ಲಿ ಕೂತ. ಕಣ್ಣು ಕೆಂಪಗಾಗಿದ್ದವು, ಬಹಳ ಹೊತ್ತು ಗಾಜಿಗೆ ಕಣ್ಣು ಹಚ್ಚಿದವರಿಗೆ ಆಗುವಂತೆ.

"ಬೂದಿ ಖರೇ ಐತಿ," ಅಂದ. "ಆದ್ರ ದಪ್ಪ ಕಣ ಬಾಳ ಬಂದಾವು. ಎರಡನೇ ಗಡಿಗಿ ಪೂರಾ ಕಾಯವಲ್ಲಿ ನೀನು. ಅವಸರ ಮಾಡ್ತಿ. ಇದನ್ನ ಮಠಕ್ಕ ಕೊಡಾಕ ಬರೂದಿಲ್ಲ."

"ಕೊಡಾಕ ಬರೂದಿಲ್ಲಂತಿ?"

"ಬರೂದಿಲ್ಲಕ್ಕ."

ನಾನು ಅಳತೊಡಗಿದೆ. ಅವನು ಗಾಬರಿಯಾಗಿ, ಅಷ್ಟೇನೂ ಕೆಟ್ಟಿಲ್ಲ, ಪೇಟೆಗೆ ನಡೆಯುತ್ತದೆ ಎಂದು ಸಮಾಧಾನ ಹೇಳಿದ. ತಾನು ಕಂಡದ್ದನ್ನು ಯಾರನ್ನೂ ಕೇಳದೆ ನನ್ನ ಎದುರಿಗೇ ಹೇಳಿದನಲ್ಲ, ನನಗೆ ದುಃಖವಾಗಿಲ್ಲ ಎಂದು ಅವನಿಗೆ ತಿಳಿಸಿ ಹೇಳಲು ಬರಲಿಲ್ಲ. ಕಡೆಯ ಬಸ್ಸಿಗೆ ಹತ್ತಿಸುವಾಗ ಅವನು ಕಿಟಕಿಯ ಹತ್ತಿರ ಬಂದು, "ಮುಂದಿನ ತಿಂಗಳ ಮತ್ತ ಒಂದು ಸೀಸೆ ತಾ, ನೋಡ್ತೀನಿ," ಅಂದ. ಹೂಂ ಅಂದೆ.