ಮಂದಿಯ ಪಿತ್ತ ತೆಗೆದ ಕಂಬಳಿ

ಮೋರಟಗಿಯ ಸೋಮನಿಂಗನನ್ನು ಮಾಲಿನ ಹಾಗೆ ಎದುರಿಗೆ ಹರವಿದರೆ ಮೊದಲ ನೋಟಕ್ಕೆ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಉದ್ದಳತೆ ಕಮ್ಮಿ. ಬಣ್ಣ ಬಿಸಿಲಿಗೆ ಸುಟ್ಟದ್ದು. ಅರವತ್ತಕ್ಕೆ ಎರಡು ಕಮ್ಮಿ ವರ್ಷದ ಬಳಕೆಯಾಗಿ ಮೊಣಕಾಲ ಹತ್ತಿರ ಸವೆದಿದೆ. ನಗು ಬೇಕಾದರೆ ಒಂದು ವಾರ ಮೊದಲೇ ಹೇಳಿಡಬೇಕು. ಆದರೆ ನೇಯ್ಗೆ ಬಿಗಿ. ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಹಗ್ಗ, ಗೋಣಿಚೀಲ, ತಾಡಪತ್ರಿ, ಕಂಬಳಿ ಮಾರುತ್ತ ಮೂವತ್ತೈದು ವರ್ಷ ಕೂತವನು ನಾನು. ಎಳೆ ಹಿಡಿದು ಜಗ್ಗಿ ನೋಡದೆ ಯಾವ ಮಾಲನ್ನೂ ಚೆನ್ನಾಗಿದೆ ಅನ್ನುವವನಲ್ಲ. ಇವನನ್ನೂ ಜಗ್ಗಿ ನೋಡಿದ್ದೇನೆ. ಹರಿದದ್ದು ನನ್ನ ಕೈಯಲ್ಲೇ.

ಅವನದು ಕುರಿ ಕಾಯುವ ಮನೆತನ. ನಲವತ್ತು ಕುರಿ, ಹೆಂಡತಿ ಶೇವಂತೆವ್ವ, ಅಪ್ಪ ನೇಯ್ದು ಬಿಟ್ಟುಹೋದ ಒಂದು ಕರಿ ಕಂಬಳಿ. ಆ ಕಂಬಳಿಯಿಂದ ಅವನು ಪಿತ್ತ ತೆಗೆಯುತ್ತಿದ್ದ. ಮೈಮೇಲೆ ಇದ್ದಕ್ಕಿದ್ದಂತೆ ಕೆಂಪು ಬಿಲ್ಲೆಗಳ ಹಾಗೆ ದದ್ದು ಎದ್ದು, ಕೆರೆದಷ್ಟೂ ಹಬ್ಬುತ್ತದಲ್ಲ, ಅದಕ್ಕೆ ನಮ್ಮ ಕಡೆ ಪಿತ್ತ ಎದ್ದಿದೆ ಅನ್ನುತ್ತಾರೆ. ಎದ್ದವರನ್ನು ಸೋಮನಿಂಗ ಅಂಗಳದಲ್ಲಿ ಮಲಗಿಸಿ, ಕಂಬಳಿಯಲ್ಲಿ ಸುತ್ತಿ ಮೂರು ಸಲ ಉರುಳಿಸುತ್ತಿದ್ದ. ಆಮೇಲೆ ಕಂಬಳಿಯ ಒರಟು ಅಂಚಿನಿಂದ ಮೈ ತಿಕ್ಕಿ, ಒಂದು ಲೋಟ ಅಮಸೂಲದ ಹುಳಿನೀರು ಕುಡಿಸಿ ಗೋಡೆಗೆ ಒರಗಿಸಿ ಕೂರಿಸುತ್ತಿದ್ದ. ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರೂ ಬಸ್ಸು ಬದಲಿಸಿ ಬರುತ್ತಿದ್ದರು. ಕುರಿಯ ಹಿಂದೆ ಹೋಗುವಾಗ ಅವನು ಬರೀ ಸೋಮನಿಂಗ. ಆ ಗೋಡೆಯ ಹತ್ತಿರ ಮಾತ್ರ ಸೋಮನಿಂಗಪ್ಪನವರು.

ಹನ್ನೆರಡು ವರ್ಷದ ಹಿಂದೆ ನನಗೂ ಎದ್ದಿತ್ತು. ಯಾರದೋ ಮದುವೆ ಉಂಡು ಬಂದವನ ಮುಖ ಹಲಸಿನ ಹಣ್ಣಿನಂತಾಗಿ, ನನ್ನ ಅಂಗಡಿಗೆ ಬಂದ ಗಿರಾಕಿಯೇ "ಸಾವಕಾರ್ರು ಎಲ್ಲಿ ಹೋಗ್ಯಾರ್ರಿ?" ಎಂದು ನನ್ನನ್ನೇ ಕೇಳಿದ್ದ. ಮೋರಟಗಿಗೆ ಓಡಿದೆ.

"ಇದೇನು ದನಾ ಉಳ್ಳಿಸಿಧಂಗ ಉಳ್ಳಸ್ತೀಯೋ?" ಎಂದೆ, ಕಂಬಳಿಯೊಳಗಿಂದ.

"ಕುರಿ ಹಗರ ಇರ್ತಾವ್ರಿ. ನಿಮಗ ಇನ್ನೊಬ್ಬರನ್ನ ಕರೀಬೇಕಾಗಿತ್ತು," ಎಂದ.

ಸಂಜೆಗೆ ಮೈ ತಿಳಿಯಾಯಿತು. ಅಂದಿನಿಂದ ಅಂಗಡಿಯಲ್ಲಿ ಯಾರಾದರೂ ತೋಳು ಕೆರೆದುಕೊಂಡರೆ ಸಾಕು, ಕೇಳದಿದ್ದರೂ ಅವರನ್ನು ಮೋರಟಗಿಗೆ ಕಳಿಸುತ್ತಿದ್ದೆ.

ಹೋದ ವರ್ಷದ ಹಿಂದಿನ ವರ್ಷ, ತೊಗರಿ ಹೂ ಬಿಟ್ಟ ಹೊತ್ತಿನಿಂದ ಸೋಮನಿಂಗ ತುಂಬು ತೋಳಿನ ಅಂಗಿ ಹಾಕತೊಡಗಿದ. ಮಣಿಕಟ್ಟಿನ ಗುಂಡಿಯನ್ನೂ ಬಿಚ್ಚುತ್ತಿರಲಿಲ್ಲ. ಕೇಳಿದರೆ ಚಳಿ ಅನ್ನುತ್ತಿದ್ದ. ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದೆವು. ಒಂದು ಸಂತೆಯ ದಿನ ನನ್ನ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದಾಗ, ಅವನು ಮೇಲಿನ ಗೂಟದ ಹಗ್ಗದ ಸಿಂಬಿ ಇಳಿಸಿಕೊಳ್ಳಲು ಕೈ ಎತ್ತಿದ. ಗುಂಡಿ ಕಿತ್ತು ತೋಳು ಜಾರಿತು. ಮೊಣಕೈವರೆಗೆ ಕೆಂಪು ಬಿಲ್ಲೆಗಳು.

"ನಿನಗೂ ಪಿತ್ತ ಎದ್ದೈತೇನೋ?"

"ಹೌದ್ರಿ. ಎರಡ ತಿಂಗಳಾತು."

"ಕಂಬಳಿ ಹೊಚಗೊಂಡಿಲ್ಲೇನು?"

"ದಿನಾ ಹೊಚಗೊಂತೇನಿ. ಹೋಗವಲ್ಲವು."

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಬೆಂಚಿನ ಮೇಲೆ ಮಂದಿ ಇದ್ದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಮೂವತ್ತ ವರ್ಷ ನಾಕೂ ತಾಲೂಕಿನ ಪಿತ್ತ ತಿಂದೈತಿ ನಿನ್ನ ಕಂಬಳಿ," ಎಂದೆ. "ಹೊಟ್ಟಿ ತುಂಬೇತಿ. ಈಗ ನಿನ್ನ ಮ್ಯಾಲೆ ಕಾರಾಕತ್ತೈತಿ ನೋಡು."

ಎಲ್ಲರೂ ನಕ್ಕರು. ಹೆಚ್ಚು ನಕ್ಕವನು ಬಸಂತರಾಯ, ಕೆಲಸದಿಂದ ನಿವೃತ್ತನಾದ ಬಸ್ ಕಂಡಕ್ಟರ್. ಸೋಮನಿಂಗ ನಗಲಿಲ್ಲ. ಹಗ್ಗದ ಸಿಂಬಿ ಕೆಳಗಿಟ್ಟು, ಯಾರೋ ಬರೆದುಕೊಟ್ಟ ಚೀಟಿಯನ್ನು ನೋಡುವಂತೆ ತನ್ನ ತೋಳನ್ನು ನೋಡುತ್ತ ನಿಂತ.

ಬಸಂತರಾಯನಿಗೆ ಹಳೆಯ ಬಸ್ಸಿನವರೆಲ್ಲ ಪರಿಚಯ. ಮಾತು ಟಿಕೆಟ್ ಇಲ್ಲದೆ ಹೊರಟಿತು. ಹದಿನೈದು ದಿನಕ್ಕೆ ಇಂಡಿಯಲ್ಲಿ ಆ ಕಂಬಳಿ ಹೊದ್ದರೆ ಹಳಬರ ಪಿತ್ತವೆಲ್ಲ ಮೈಗೆ ಹತ್ತುತ್ತದೆ ಎಂದಾಯಿತು. ಬಾಗೇವಾಡಿಯಲ್ಲಿ ಯಾರೋ ಹೆಂಗಸು ಹಾಸಿಗೆ ಹಿಡಿದಿದ್ದಾಳೆ ಎಂದಾಯಿತು. ಅಂಥ ಹೆಂಗಸು ಇರಲಿಲ್ಲ, ನಾನು ವಿಚಾರಿಸಿದ್ದೇನೆ. ಮೋರಟಗಿಯ ಆ ಗೋಡೆಗೆ ಒರಗುವವರು ನಿಂತರು. ಇದಕ್ಕಿಂತ ಕೆಟ್ಟದ್ದೆಂದರೆ, ಸೋಮನಿಂಗನೂ ಅದನ್ನು ನಂಬಿದ್ದ.

ತಿಂಗಳು ಕಳೆದು ಹೋಗಿ ನೋಡಿದೆ. ಕಾರಣ ಹೇಳುವವರಿಗೆ ಮಾತ್ರ ಅವನ ಮನೆಯಲ್ಲಿ ಕೊರತೆ ಇರಲಿಲ್ಲ. ಬದನೆಕಾಯಿ ಅಂದರು, ಬಿಟ್ಟ. ಶೇಂಗಾ ಅಂದರು, ಮೊಟ್ಟೆ ಅಂದರು, ಬಿಟ್ಟ. ಬಟ್ಟೆ ಒಗೆಯುವ ಪುಡಿ ಅಂದಾಗ ಶೇವಂತೆವ್ವ ಬರೀ ನೀರಲ್ಲಿ ಅಂಗಿ ಜಾಲಿಸಿದಳು. ಕುರಿಗೆ ರಕ್ತ ಹೀರುವ ಉಣ್ಣೆಹುಳ ಹತ್ತದಂತೆ ಹಾಕುವ ಔಷಧ ಅಂದಾಗ ಅದನ್ನು ಮುಟ್ಟುವುದು ಬಿಟ್ಟ, ಹುಳಗಳಿಗೆ ಹಬ್ಬವಾಯಿತು. ಬೂದಿ ಸವರಿದ, ಬೇವಿನ ನೀರಲ್ಲಿ ಮಿಂದ. ದದ್ದು ಮಾತ್ರ ಹೇಳಿದ ಹೊತ್ತಿಗೆ ಬರುವ ನೆಂಟನಂತೆ ಹೊತ್ತು ಇಳಿಯುವಾಗ ಬರುತ್ತಿತ್ತು.

"ಇನ್ನ ಉಸರಾಡೂದೊಂದ ಬಿಡೂದು ಉಳದೈತ್ರಿ ಸಾವಕಾರ್ರ," ಎಂದಳು ಶೇವಂತೆವ್ವ. "ಅದನ್ನೂ ನೀವ ಹೇಳಿಬಿಡ್ರಿ."

ನನಗೆ ಎಲ್ಲೋ ಚುಚ್ಚಿತು. ಮರುದಿನ ಸೋಮನಿಂಗನನ್ನು ಕಾರಿನಲ್ಲಿ ಕೂರಿಸಿಕೊಂಡು ವಿಜಯಪುರಕ್ಕೆ, ಚರ್ಮದ ಡಾಕ್ಟರ್ ವೃಂದಾ ಅವರ ಹತ್ತಿರ ಹೋದೆ. ರಕ್ತ ನೋಡಿದರು, ಥೈರಾಯ್ಡ್ ನೋಡಿದರು, ಜಂತುಹುಳಕ್ಕೂ ನೋಡಿದರು. ಮೊಣಕಾಲು ನೋವಿಗೆ ತಾನೇ ಅಂಗಡಿಯಿಂದ ತಂದು ನುಂಗುತ್ತಿದ್ದ ಗುಳಿಗೆ ಬಿಡಿಸಿದರು. ಪೆನ್ನಿನ ಹಿಂಬದಿಯಿಂದ ಬೆನ್ನ ಮೇಲೆ ಒಂದು ಗೆರೆ ಎಳೆದರು. ನಾವು ನೋಡುನೋಡುತ್ತಿದ್ದಂತೆ ಗೆರೆ ಉಬ್ಬಿ ನಿಂತಿತು.

"ನೋಡ್ರಿ, ತಿಕ್ಕಿದ್ರ ಏಳ್ತದ. ಕಂಬಳೀಲೆ ತಿಕ್ಕೂದು ಮೊದಲ ಬಿಡ್ರಿ."

"ಕಾರಣ ಏನ್ರಿ?" ಎಂದೆ ನಾನು.

"ಆರ ವಾರದ ಮ್ಯಾಲೆ ನಡದದ್ದಕ್ಕ ಭಾಳ ಮಂದೀಗೆ ಕಾರಣ ಸಿಗೂದಿಲ್ಲರಿ. ಮೈಯಾಗಿನ ಕಾವಲ ನಾಯಿ ಸುಮ್ಮಸುಮ್ಮನ ಬೊಗಳಾಕತ್ತದ. ಕಳ್ಳ ಬಂದಿಲ್ಲ. ದಿನಾ ಒಂದ ಗುಳಿಗಿ ತಗೋರಿ, ಏಳಲಿ ಬಿಡಲಿ. ಒಂದ ವರ್ಷಕ್ಕ ಹೋಗಬಹುದು, ಐದ ವರ್ಷಕ್ಕ ಹೋಗಬಹುದು. ನಾಲಿಗಿ ಬಾತ್ರ, ಉಸರ ಕಟ್ಟಿಧಂಗಾದ್ರ ಮಾತ್ರ ತಡಾ ಮಾಡದ ದವಾಖಾನಿಗೆ ಓಡಬೇಕು."

ಸೋಮನಿಂಗ ಅಂಗಿ ಹಾಕಿಕೊಂಡ. ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟ. "ಅಕ್ಕಾರ, ಇದು ಮಂದೀದು ನನಗ ಬಂದದ್ದೇನ್ರಿ?"

"ಇಲ್ಲ ಕಾಕಾ. ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಲ್ಲ. ಕಂಬಳಿ ಯಾರದನ್ನೂ ಹೀರಿಕೊಳ್ಳೂದಿಲ್ಲ."

ನನ್ನ ಎದೆ ಹಗುರಾಯಿತು. ಇವನು ಅಲ್ಲಿಗೆ ಬಿಡಲಿಲ್ಲ. "ಹಂಗಾರ ಮೂವತ್ತ ವರ್ಷ ನಾ ತಗದದ್ದು?"

ಡಾಕ್ಟರಿಗೆ ತಿಳಿಯಲಿಲ್ಲ. ನಾನು ಕಂಬಳಿಯ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಮೆತ್ತಗೆ ಹೇಳಿದರು: "ಹೆಚ್ಚಿನ ಮಂದೀಗೆ ಎದ್ದದ್ದು ಒಂದೆರಡ ತಾಸಿನಾಗ, ಭಾಳಂದ್ರ ಒಂದ ದಿನದಾಗ, ತನ್ನಷ್ಟಕ್ಕ ತಾನ ಇಳೀತದ ಕಾಕಾ. ಕಂಬಳಿ ಇದ್ರೂ ಇಳೀತದ, ಇಲ್ಲದಿದ್ರೂ ಇಳೀತದ."

ತಿರುಗಿ ಬರುವಾಗ ದೇವರ ಹಿಪ್ಪರಗಿ ದಾಟಿದೆವು. ಆಮೇಲೆ ಅವನು, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನೀವಂದಿದ್ದ ಖರೇ ಆಗಿದ್ರ ಚೊಲೋ ಇತ್ತರಿ," ಎಂದ. "ಮಂದೀದ ನನಗ ಬಂದಿದ್ರ, ನಾ ಅವರದ ತಗದಿದ್ದೆ ಅಂತಾದ್ರೂ ಆಗ್ತಿತ್ತು."

ಎದುರಿಗೆ ಲಾರಿ ಇಲ್ಲದಿದ್ದರೂ ನಾನು ಹಾರ್ನ್ ಒತ್ತಿದೆ.

ಗುಳಿಗೆ ತಗೊಂಡಷ್ಟು ದಿನ ದದ್ದು ಅರ್ಧಕ್ಕರ್ಧ ಇಳಿಯಿತು. ಆದರೆ ಕಣ್ಣು ಎಳೆಯುತ್ತಿತ್ತು. ಒಂದು ಮಧ್ಯಾಹ್ನ ಜಾಲಿಯ ನೆರಳಲ್ಲಿ ಅವನು ಜೋಂಪಿನಲ್ಲಿದ್ದಾಗ ಕುರಿಗಳು ಯಾರದೋ ಕಬ್ಬಿಗೆ ನುಗ್ಗಿದವು. ಗುಳಿಗೆ ನಿಲ್ಲಿಸಿದ, ದದ್ದು ತಿರುಗಿ ಬಂತು. ನಿದ್ದೆ ತರಿಸದ ಬೇರೆ ಗುಳಿಗೆ ಕೇಳೋಣ, ಹೊರಡು ಎಂದು ಎರಡು ಸಲ ಕರೆದೆ. "ಏಳಲಿ ಬಿಡ್ರಿ," ಎಂದ. ಅವನಿಗೆ ಈಗ ತುರಿಕೆ ದೊಡ್ಡ ಸಂಗತಿಯಾಗಿ ಉಳಿದಿರಲಿಲ್ಲ.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಹಲಸಂಗಿಯ ಕಡೆಯ ಒಬ್ಬ ಶಿಕ್ಷಕಿ, ಶೈಲಶ್ರೀ ಎಂದು ಹೆಸರು, ಬಸ್ಸಿಳಿದು ನನ್ನ ಅಂಗಡಿಗೇ ಬಂದರು. ಕುತ್ತಿಗೆ, ಕೈ ಎಲ್ಲ ಕೆಂಪು. "ಕಂಬಳಿ ಅಜ್ಜಾರ ಮನಿಗೆ ಹೆಂಗ ಹೋಗಬೇಕ್ರಿ? ನಮ್ಮವ್ವಗ ಅವರ ತಗದಿದ್ರಂತ," ಎಂದರು. ನನ್ನ ಮಾತು ಅವರ ಊರು ಮುಟ್ಟಿರಲಿಲ್ಲ. ನಾಲಿಗೆ ಬಾತಿದೆಯೇ, ಉಸಿರಿಗೆ ತೊಂದರೆ ಇದೆಯೇ ಎಂದು ಡಾಕ್ಟರರಂತೆ ಕೇಳಿದೆ. ಇಲ್ಲ ಎಂದರು. ಅಂಗಡಿಯನ್ನು ಬಸಂತರಾಯನ ಮೇಲೆ ಬಿಟ್ಟು, ಅವರನ್ನು ಕಾರಿಗೆ ಹತ್ತಿಸಿಕೊಂಡೆ. ನಾನು ಹರಿದದ್ದನ್ನು ಹೊಲಿಯಲು ಇಂಥ ಗಿರಾಕಿ ನನಗೆ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು.

"ಬರ್ರಿ ಸಾವಕಾರ್ರ," ಎಂದಳು ಶೇವಂತೆವ್ವ ಬಾಗಿಲಲ್ಲಿ. "ಇವತ್ತ ಹೊಸಾ ಮಾತ ಏನ್ ತಂದೀರಿ?"

ಸೋಮನಿಂಗ ಹೊರಗೆ ಬಂದ. ಕಂಬಳಿ ಅವನ ಹಿಂದೆ, ಕುರಿದೊಡ್ಡಿಯಲ್ಲಿ, ಹಿಂದಿನ ದಿನ ಹುಟ್ಟಿದ ಮರಿಯ ಕೆಳಗೆ ಹಾಸಿತ್ತು. ಶಿಕ್ಷಕಿಯ ತೋಳನ್ನು ಬಹಳ ಹೊತ್ತು ನೋಡಿದ. ಅವನ ಬಲಗೈ ಅರ್ಧ ಮೇಲೆದ್ದು ಅಂಗಳದ ಕಡೆ ತೋರಿಸಿತು, ಎಂದಿನಂತೆ, ಮಲಗಿರಿ ಎಂಬಂತೆ. ಆಮೇಲೆ ಕೆಳಗಿಳಿಯಿತು.

"ತನ್ನಷ್ಟಕ್ಕ ತಾನ ಇಳೀತೈತ್ರಿ ಅಕ್ಕಾರ. ತಿಕ್ಕಬ್ಯಾಡ್ರಿ."

"ನಮ್ಮವ್ವಂದು ನೀವ ತಗದಿದ್ರಂತಲ್ಲರಿ."

"ಅದೂ ತಾನ ಇಳಿದಿತ್ತರಿ."

"ಒಂದ ಸಲ ಉಳ್ಳಿಸೋ," ಎಂದೆ. "ನನ್ನ ಉಳ್ಳಿಸಿದ್ದಿಲ್ಲೇನು?"

ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಇದ್ದಿದ್ದರೇ ಚೆನ್ನಾಗಿತ್ತು. "ನಿಮ್ದೂ ತಾನ ಇಳಿದಿತ್ತರಿ ಸಾವಕಾರ್ರ," ಎಂದು ಮರಿಗೆ ಹಾಲು ಕುಡಿಸಲು ಒಳಗೆ ಹೋದ.

ಸಿಂದಗಿಯ ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಶಿಕ್ಷಕಿಯ ಕೈ ತಿಳಿಯಾಗಿತ್ತು. "ಅಜ್ಜಾರು ಖರೇನ ಹೇಳಿದ್ರು ನೋಡ್ರಿ," ಎಂದು ಸಂತೋಷದಿಂದ ಇಂಡಿ ಬಸ್ಸು ಹತ್ತಿದರು. ಅವರಾದ ಮೇಲೆ ಮೋರಟಗಿಯ ದಾರಿ ಕೇಳಿಕೊಂಡು ಯಾರೂ ಬಂದಿಲ್ಲ.

ಹಗ್ಗಕ್ಕೆ ಸೋಮನಿಂಗ ಈಗಲೂ ಬರುತ್ತಾನೆ, ತೋಳು ಮುಚ್ಚಿಕೊಂಡು. ಅವನು ಕೂತರೆ ಬಸಂತರಾಯ ಒಂದು ಗೇಣು ಆಚೆ ಸರಿಯುತ್ತಾನೆ. ನಾನು ನೋಡಿಯೂ ಹಗ್ಗ ಅಳೆಯುತ್ತೇನೆ. ಈಗ ಬಾಯಿ ಬಿಟ್ಟರೂ ಮಂದಿ ಬರುವುದಿಲ್ಲ, ಬಂದರೂ ಅವನು ಉರುಳಿಸುವುದಿಲ್ಲ. ಆದರೂ ಕೊಡಬೇಕಾದದ್ದು ಕೊಡಬೇಕಾದದ್ದೇ. ಕಂಬಳಿ ಕಾರಿತು ಎಂಬ ಮಾತು ನಾಲ್ಕು ಜನರನ್ನು ನಗಿಸಲು ನಾನು ಆಡಿದ ಸುಳ್ಳು. ಅದನ್ನು ಅದೇ ಬೆಂಚಿನ ಹತ್ತಿರ, ಅದೇ ನಾಲ್ಕು ಜನರೆದುರು, ಸೋಮನಿಂಗ ಕೂತಿರುವಾಗ, ಸುಳ್ಳೆಂದು ನಾನು ಹೇಳಬೇಕು. ಈವರೆಗೆ ಹೇಳಿಲ್ಲ.